ಬಾಕಿ ನಲವತ್ತು

ಮತ್ರಾದ ಹಳೇ ಸೂಕಿನಲ್ಲಿ, ಗಲ್ಲಿಯೊಂದು
ಕತ್ತಲಾಗಿ ಸಮುದ್ರದ ಕಡೆ ತಿರುಗುವಲ್ಲಿ
ನಮ್ಮ ಸೇಠರ ಪೇಢಿ. ಏಳು ತಲೆಮಾರಿನದು ಅನ್ನುತ್ತಾರೆ;
ನಾನು ಹದಿನಾಲ್ಕು ವರ್ಷದ ಗುಮಾಸ್ತ.
ಈ ಸಲ ಹಿಂಗೋಡೆ ಒಡೆಸುವಾಗ ಸಿಕ್ಕಿತು
ಕೆಂಪು ಬಟ್ಟೆಯ ಚೋಪಡಿ. ಗೆದ್ದಲು ತಿಂದದ್ದು ಲಾಭವನ್ನು,
ಬಿಟ್ಟದ್ದು ಬಾಕಿಯನ್ನು.

ಸೇಠರು ಕನ್ನಡಕ ಒರೆಸಿ ಓದಿದರು:
"ಪಠಾಣ ತೋರ್‌ಬಾಜ್ ಖಾನ್. ಮುಂಗಡ ಇಂಗು ಹನ್ನೊಂದು ಚೀಲ,
ಬಾದಾಮಿ, ರಾಣಿಮುಖದ ಬೆಳ್ಳಿ ಎರಡು ಸಾವಿರ.
ಕೊಟ್ಟ ಕೋವಿ ಇನ್ನೂರ ಅರವತ್ತು.
ಬಾಕಿ ನಲವತ್ತು."
ಅಷ್ಟೇ. ಆಮೇಲೆ ಪುಟದ ತುಂಬ
ಯಾರೂ ಏನೂ ಬರೆಯದ ಬಿಳುಪು.

ಉಳಿದದ್ದು ಹೇಳಿದವನು ರೊಟ್ಟಿ ಭಟ್ಟಿಯ ಲವಂಗ್.
ಹೌದು, ನಾವು ಪಲಾವಿಗೆ ಹಾಕುವುದೇ;
ಅವರಲ್ಲಿ ಗಂಡುಮಕ್ಕಳಿಗೂ ಇಡುತ್ತಾರೆ.
ಖಾನ್ ಅವನ ಮುತ್ತಜ್ಜನ ಅಣ್ಣ.
ತಂದೂರಿಗೆ ಬಗ್ಗುತ್ತ ಏಳುತ್ತ, ಅರ್ಧ ಉರ್ದು, ಅರ್ಧ ಹೊಗೆ:

"ಮೊದಲು ಸರಪಳಿ ಹಿಡಿದು ಅಳೆಯುವವರು ಬಂದರು.
ಆಮೇಲೆ ಬೆಟ್ಟದ ಹೊಟ್ಟೆ ಕೊರೆದು ರೈಲು.
ಆಮೇಲೆ ಒಂದು ಗೆರೆ.
ಖಾನನ ಕುರಿಗಳಿಗೆ ಗೆರೆ ಓದಲು ಬರುತ್ತಿರಲಿಲ್ಲ,
ಚಳಿಗೆ ಇಳಿದವು, ಎಂದಿನಂತೆ.
ಗುಂಡು ಹೊಡೆದರು. ಕಾಯುವ ಹುಡುಗನಿಗೂ."

ಅದಕ್ಕೆ ಬಂದನಂತೆ, ಸಮುದ್ರವನ್ನೇ ಕಂಡಿರದ ಮನುಷ್ಯ,
ದೋಣಿಯಲ್ಲಿ ಮೂರು ದಿನ ವಾಂತಿ ಮಾಡಿ,
ಮತ್ರಾದ ಮೆಟ್ಟಿಲು ಹತ್ತುವ ಮುಂಚೆ ಗಡ್ಡ ತೊಳೆದುಕೊಂಡು.
ಹುಲಿಯಂಥವನು ಅನ್ನಲಿಲ್ಲ ಲವಂಗ್.
ಒಂದು ಕಣ್ಣು ಮಂಜು. ತಂಗಿಯ ಗಂಡನ ಜೊತೆ ನೀರಿನ ಜಗಳ.
ಹಲ್ಲುನೋವಿಗೆ ದವಡೆಯಲ್ಲಿ ಸದಾ (ಇಲ್ಲಿ ನಕ್ಕ) ಲವಂಗ.
ಆದರೆ ಒಂಬತ್ತು ಚಳಿಗಾಲ ಆ ಕಣಿವೆಗೆ
ಸರ್ಕಾರದ ಕುದುರೆ ನೀರು ಕುಡಿಯಲು ಇಳಿಯಲಿಲ್ಲ.

ಕೊನೆಯ ನಲವತ್ತು ಹೊತ್ತ ದೋಣಿಯನ್ನು
ಮಕ್ರಾನಿನ ದಡ ಕಾಣುವಷ್ಟು ಹತ್ತಿರದಲ್ಲಿ
ಹೊಗೆಹಡಗು ಹಿಡಿಯಿತು. ಪೆಟ್ಟಿಗೆಗಳೆಲ್ಲ ನೀರಿಗೆ.
ದಡದಲ್ಲಿ ಒಂಟೆಗಳು ಮಂಡಿಯೂರಿ ಕಾದವು, ಆರು ರಾತ್ರಿ.
ಏಳನೆಯದಕ್ಕೆ ಖಾನ್ ಅವನ್ನೆಬ್ಬಿಸಿ
ಖಾಲಿ ಬೆನ್ನಲ್ಲೇ ಹೊರಡಿಸಿದ.
ಗುಂಡು ಇದ್ದಷ್ಟು ದಿನ ಇದ್ದ.
ಗೋರಿ? ಅದರ ಮೇಲೆ ರಸ್ತೆ ಹೋಯಿತು,
ಮೊದಲು ಅವರದು, ನಂತರ ಇನ್ನೊಬ್ಬರದು,
ನಂತರ ಮತ್ತೂ ಒಬ್ಬರದು.

ನಮ್ಮೂರ ಕೆರೆ ಏರಿಯ ಮೇಲೆ ವೀರಗಲ್ಲೊಂದಿದೆ:
ಕೆಳಗೆ ಕಾದುವವನು, ನಡುವೆ ಚಾಮರದ ಹೆಣ್ಣುಗಳು,
ಮೇಲೆ ಸೂರ್ಯಚಂದ್ರ. ಎಮ್ಮೆಗಳು ಮೈ ಉಜ್ಜಿ ಉಜ್ಜಿ
ಹೆಸರು ಸವೆದಿದೆ. ಆದರೂ ಒಬ್ಬ ನಿಂತಿದ್ದ
ಎಂಬಷ್ಟನ್ನು ಕಲ್ಲು ಬಿಟ್ಟುಕೊಡುವುದಿಲ್ಲ.
ಇವನಿಗೆ ಈ ಪುಟ: ಮೇಲೆ ಶ್ರೀಕಾರ,
ನಡುವೆ ಇಂಗು, ಕೆಳಗೆ ನಲವತ್ತು.

ಲವಂಗನಿಗೆ ನಾನು ಹೇಳದ್ದು ಒಂದಿದೆ.
ಹೊನ್ನಾವರದ ಮನೆಯ ಟ್ರಂಕಿನಲ್ಲಿ ಅಜ್ಜನ ಅಪ್ಪನ ಪದಕ,
ಒಂದು ಬದಿ ಚಕ್ರವರ್ತಿಯ ತಲೆ,
ಪಟ್ಟಿಯ ಮೇಲೆ ಪರ್ಶಿಯನ್ ಗಲ್ಫ್ ಎಂಬ ಅಕ್ಷರ.
ಖಲಾಸಿ. ಹೊಗೆಹಡಗಿನ ಒಲೆಗೆ ಕಲ್ಲಿದ್ದಲು ಎರಚಿದವನು.
ದೀಪಾವಳಿಗೆ ಅಜ್ಜಿ ಹುಣಿಸೆ ಹಚ್ಚಿ ಅದನ್ನು ತಿಕ್ಕುತ್ತಿದ್ದಳು,
ದೇವರ ಪಾತ್ರೆಗಳ ಜೊತೆಗೇ.
ಯಾವ ಹಡಗು, ಯಾವ ರಾತ್ರಿ, ಗೊತ್ತಿಲ್ಲ.
ಗೊತ್ತಿಲ್ಲ ಎಂಬುದನ್ನೇ ಹೊದ್ದು ಮಲಗುತ್ತೇನೆ.

"ಎಷ್ಟು ಬಾಕಿ ಅಂದೆ?" ನಿನ್ನೆ ಮತ್ತೆ ಕೇಳಿದ.
"ನಲವತ್ತು."
"ಬಡ್ಡಿ ಹರಾಮು, ಅದನ್ನು ಬಿಡು" ಎಂದು ನಕ್ಕು
ಐದು ರೊಟ್ಟಿಗೆ ಆರನೆಯದೊಂದು ಸೇರಿಸಿ
ಅರಬ್ಬಿ ಪೇಪರಿನಲ್ಲಿ ಸುತ್ತಿದ.
ಬೇಡ ಎನ್ನಲು ಬಾಯಿ ತೆರೆದೆ.
ರೊಟ್ಟಿ ಸುಡುತ್ತಿತ್ತು.
ಪೇಢಿಯವರೆಗೂ ಈ ಕೈಯಿಂದ ಆ ಕೈಗೆ
ಬದಲಾಯಿಸುತ್ತ ನಡೆದೆ.