ಆರು ಗಂಟೆ

ಗುರುವಾರ ಯಂತ್ರ ಕೆಟ್ಟಿತು.
ಬಿಡಿಭಾಗ ಬಂದು ಸೇರುವಷ್ಟರಲ್ಲಿ ಶುಕ್ರವಾರವೂ ಹೋಯಿತು.
ಗಾಜನೂರಿನ ಹುಚ್ಚರಾಯಪ್ಪ ಎರಡೂ ದಿನ
ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ ಬಂದು
ಬೆಂಚಿನ ಮೇಲೆ ಕೂತು, ಚೀಟಿ ತೋರಿಸಿ,
ಬಂದ ಹಾಗೇ ಹೋದರು.

ಮೂವತ್ತಮೂರರಲ್ಲಿ ಇಪ್ಪತ್ತೆರಡು ಮುಗಿದಿದ್ದವು.
ಗಂಟಲ ಗಡ್ಡೆಗೆ ನಮ್ಮ ರಿಪೇರಿಯ ಕಥೆ ಬೇಕಿಲ್ಲ,
ಪೆಟ್ಟು ತಿಂದು ಉಳಿದ ಕೋಶ
ನಾಲ್ಕನೇ ವಾರ ದಾಟಿದ ಮೇಲೆ
ಅವಸರಕ್ಕೆ ಬಿದ್ದು ಹೆರುತ್ತದೆ.
ಬಲ್ಲೆ. ಆರು ವರ್ಷ ತಟ್ಟೆಗಳ ಮೇಲೆ ಬಗ್ಗಿ
ನೇರಳೆ ಚುಕ್ಕೆ ಎಣಿಸಿದವಳು ನಾನು.
ಐವತ್ತು ಕೋಶ ಮೀರಿದ ಗುಂಪಾದರೆ
'ಬದುಕಿದೆ' ಎಂದು ಬರೆ,
ಇಲ್ಲವಾದರೆ ಬಿಡು.
ಆ ತಟ್ಟೆಗಳು ಕೆಮ್ಮುತ್ತಿರಲಿಲ್ಲ.

ಡಾಕ್ಟರಿಗೆ ಹೇಳಿದೆ: ಶನಿವಾರ ಎರಡು ಕೊಡೋಣ,
ನಡುವೆ ಆರು ಗಂಟೆ. ಒಂದು ನಿಮಿಷವೂ ಕಡಿಮೆಯಿಲ್ಲ.

"ಆರೇ ಯಾಕೆ?" ಅಂದರು ಹುಚ್ಚರಾಯಪ್ಪ.
ದನಿಯಲ್ಲ, ಬರೀ ಗಾಳಿ.
ಚೀಟಿಯ ಹಿಂದೆ ಬರೆದು ತೋರಿಸಿದೆ:
ಹೊಸೆದುಕೊಂಡ ಎರಡು ಎಳೆ, ಅಲ್ಲಲ್ಲಿ ಹರಿದದ್ದು.
ನೋಡಿದರು, ನಕ್ಕರು,
ಚೀಲದಿಂದ ಬಲೆ ಎಳೆದರು.
"ಒಂದೆಳೆ ಹರಿದ್ರೆ ಪಕ್ಕದ್ದು ನೋಡ್ಕಂಡು ಗಂಟು ಹಾಕಬೌದು.
ಎರಡೂ ಒಂದೇ ಕಡೆ ಹೋದ್ರೆ
ಯಾವ ತುದಿ ಯಾವುದಕ್ಕೆ ಅಂತ ಬಲೆಗೇ ಮರೆವು.
ಅವಸ್ರ ಮಾಡಿದ್ರೆ ಗಂಟು ತಪ್ತದೆ, ಮೇಡಂ."

ಒಂಬತ್ತಕ್ಕೆ ಮೊದಲನೆಯದು.
ಮುಖಕ್ಕೆ ಬಿಗಿದ ಬಿಳಿ ಜಾಲರಿಯಲ್ಲಿ
ಅವರ ಮೂಗು, ಮೀಸೆಯ ಉಬ್ಬು ಹಾಗೇ ಅಚ್ಚಾಗಿದೆ.
ಅದನ್ನು ಮಾಡಿದ ದಿನ ದನಿ ಇನ್ನೂ ಇತ್ತು,
"ಈ ಸಲ ಮೀನು ನಾನು" ಅಂದಿದ್ದರು.

ಆಮೇಲೆ ಕಾಯುವುದು.
ಕಿಟಕಿಯ ಸರಳಿಗೆ ಬಲೆ ಕಟ್ಟಿ
ಹೆಬ್ಬೆರಳಲ್ಲಿ ಇನ್ನೊಂದು ತುದಿ ಒತ್ತಿ
ಬಿದಿರ ಸೂಜಿ ಆಡಿಸಿದರು.
ಒಂದು ಲೋಟ ರಾಗಿ ಗಂಜಿ ಇಳಿಯಲು ಮುಕ್ಕಾಲು ಗಂಟೆ.
ಹೆಂಡತಿ ಲೋಟ ಹಿಡಿದೇ ನಿಂತಿದ್ದರು.

ಅವರ ಕುತ್ತಿಗೆಯೊಳಗೂ ಆಗ ಅದೇ ಕೆಲಸ,
ಸೂಜಿಯಿಲ್ಲದೆ, ಸದ್ದಿಲ್ಲದೆ.
ಒಳ್ಳೆಯ ಕೋಶ ಹರಿದದ್ದನ್ನು ಕೂಡಿಸುತ್ತದೆ,
ಕೆಟ್ಟದ್ದೂ ಕೂಡಿಸುತ್ತದೆ, ಆದರೆ ಅರೆಬರೆ.
ನಮ್ಮ ವಿದ್ಯೆಯೆಲ್ಲ ನಿಂತಿರುವುದು
ಈ 'ಅರೆಬರೆ' ಎಂಬ ಮಾತಿನ ಮೇಲೆ.
ಅದನ್ನು ಹೇಳಲಿಲ್ಲ.
ಊಟಕ್ಕೂ ಹೋಗಲಿಲ್ಲ,
ಗಡಿಯಾರಕ್ಕೆ ಕಾವಲು ಬೇಕಿತ್ತೆಂದಲ್ಲ.

ಮೂರಕ್ಕೆ ಹೆಸರು ಕರೆದರು.
ಬಲೆಯನ್ನು ನನ್ನ ಕೈಗಿಟ್ಟು
"ಹಿಡ್ಕಳಿ, ಸಿಕ್ಕಾಗಬಾರ್ದು" ಅಂದು ಒಳಹೋದರು.
ದಪ್ಪ ಬಾಗಿಲು ಉರುಳಿ ಮುಚ್ಚಿತು. ಕೆಂಪು ದೀಪ.

ಹಳೆಯ ಚಾಳಿ, ಬಲೆಯ ಕಣ್ಣು ಎಣಿಸತೊಡಗಿದೆ.
ಐವತ್ತು ದಾಟಿದಾಗ
ಬರೆಯಲು ಪೆನ್ನು ಹುಡುಕಿದೆ,
ಎರಡೂ ಕೈಯಲ್ಲಿ ಬಲೆಯಿತ್ತು.