ಒಂದು ದಿನಾರ್ ನಾನೂರು ಫಿಲ್ಸ್

ಸೇತುವೆಯ ನಡುವಿನ ದ್ವೀಪದಲ್ಲಿ
ಪಾಸ್‌ಪೋರ್ಟಿಗೆ ಮೊಹರು ಬೀಳುವಾಗ ನುಸೈಬಾ ಪಿಸುಗುಟ್ಟಿದಳು:
"ನಗಬೇಡ್ರೇ, ಫೋಟೋದಲ್ಲಿದ್ದ ಹಾಗೇ ಇರಿ."
ನಕ್ಕೇಬಿಟ್ಟೆವು.
ಫೋಟೋದೊಳಗಿನ ಮೂವರು ಮಾತ್ರ ಗಂಭೀರ.

ಮೂರು ತಿಂಗಳು ಕಾದು, ರಜೆಗೆ ರಜೆ ಅಂಟಿಸಿ
ಗಿಟ್ಟಿಸಿದ ಮೂವತ್ತಾರು ಗಂಟೆ.
ಖೋಬರಿನ ಆಸ್ಪತ್ರೆಯಲ್ಲಿ ಇವತ್ತು
ನಮ್ಮ ರಾತ್ರಿಪಾಳಿಯನ್ನು ಇನ್ನಾರೋ ಶಪಿಸುತ್ತಿದ್ದಾರೆ.
ಬಸ್ಸಿನಲ್ಲೇ ಜಸಿಂತಾ ನೋಟ್‌ಬುಕ್ಕು ತೆರೆದು
ಗೆರೆ ಎಳೆದಳು:
ಯಾರು ಕೊಟ್ಟರು, ಯಾರಿಗೆ, ಎಷ್ಟು.

ಮನಾಮದಲ್ಲಿ ಮಧ್ಯಾಹ್ನ.
ಹೋಟೆಲುಗಳೆಲ್ಲ ಬಾಗಿಲೆಳೆದುಕೊಂಡು ಮಲಗಿದ್ದವು.
ಒಬ್ಬಳಿಗೆ ರೋಜಾ,
ಒಬ್ಬಳಿಗೆ ತಪಸ್ಸುಕಾಲ,
ನನಗೆ ಬರೀ ಹಸಿವು.
ಕೋಟೆಯ ಶೌಚಾಲಯದ ಚಿಲಕ ಹಾಕಿ
ಎರಡು ಗ್ಲುಕೋಸ್ ಬಿಸ್ಕೀಟು ಸದ್ದಿಲ್ಲದೆ ನೆನೆಸಿ ನುಂಗಿದೆ.
ಹೊರಬಂದಾಗ ತುಟಿಯಂಚಿನ ಪುಡಿಯನ್ನು
ನುಸೈಬಾಳೇ ದುಪಟ್ಟದ ತುದಿಯಿಂದ ಒರೆಸಿದಳು,
ಏನೂ ಕೇಳದೆ.

ಕೋಟೆಯೆಂದರೆ ಕೋಟೆಯಲ್ಲ,
ಒಂದು ಊರಿನ ನೆತ್ತಿಯ ಮೇಲೆ ಇನ್ನೊಂದು ಊರಿನ ಒಲೆ,
ಅದರ ಮೇಲೆ ಮತ್ತೊಂದರ ಹಿತ್ತಲು.
ಬುರುಜು ಪೋರ್ಚುಗೀಸರದು ಎಂದಿತು ಫಲಕ.
ಜಸಿಂತಾ ಮೆಂಡೋನ್ಸಾ ಗೋಡೆ ತಟ್ಟಿ ನೋಡಿ,
"ನಮ್ಮ ಅಡ್ಡಹೆಸರಿನವರು. ಕೆಲಸ ಅರ್ಧಕ್ಕೇ ಬಿಟ್ಟಿದಾರೆ" ಎಂದಳು.
ಕಡಲ ಕಡೆ ಕೈ ಮಾಡಿ ನುಸೈಬಾ,
"ಭಟ್ಕಳಕ್ಕೆ ಕುದುರೆ ಇಳಿದದ್ದು ಈ ನೀರಿನ ಮೇಲಿಂದಲೇ" ಎಂದಳು.
ಇಬ್ಬರೂ ನನ್ನತ್ತ ತಿರುಗಿದರು.
ನಮ್ಮವರು ಎಲ್ಲಿಗೂ ಹೋದವರಲ್ಲ ಮಾರಾಯ್ತಿ,
ಹಾನಗಲ್ಲಿನಿಂದ ಶಿರಸಿಗೆ ಹೊರಟರೂ
ಅರ್ಧ ದಾರಿಗೆ ನಿಂಬೆಹಣ್ಣು ಮೂಸುತ್ತಿದ್ದರು.

ಸಂಜೆ ಮುಹರ್ರಕ್.
ಮುತ್ತಿನ ವ್ಯಾಪಾರಿಗಳ ಮನೆಗಳು, ಕೆತ್ತಿದ ಬಾಗಿಲು,
ಮಾಡಿನ ಮೇಲೊಂದು ಏಸಿ ಗೊರಕೆ.
ಬಾಂಗಿನ ಮೊದಲ ಉಸಿರಿಗೆ ಮೂವರೂ
ಒಂದೇ ಪೊಟ್ಟಣದ ಖರ್ಜೂರ ಮುರಿದೆವು.
ಹಲ್ವದಂಗಡಿಯಲ್ಲಿ ಬಿಸಿ ಕೇಸರಿಯ ವಾಸನೆ,
ನಾನು ಪರ್ಸು ತೆಗೆಯುವಷ್ಟರಲ್ಲಿ ಜಸಿಂತಾ ಕೊಟ್ಟಾಗಿತ್ತು.

ಆಮೇಲೆ ಬಂದರು ಮಕ್ಕಳು,
ಗಲ್ಲಿ ತುಂಬ ಜರಿಯಂಗಿ, ಕೊರಳಲ್ಲಿ ಬಟ್ಟೆಯ ಚೀಲ,
ನೆತ್ತಿಗೆ ರಂಜಾನಿನ ಹುಣ್ಣಿಮೆ.
ಗರ್ಗಾಊನ್ ಅಂತೆ. ಮನೆಮನೆಗೆ ಹಾಡಿಕೊಂಡು ಹೋದರೆ
ಬಾದಾಮಿ, ಮಿಠಾಯಿ ಚೀಲಕ್ಕೆ ಬೀಳುತ್ತದಂತೆ.
ನಾವು ಯಾರ ಮನೆಯೂ ಅಲ್ಲ.
ಆದರೂ ಆರು ವರ್ಷದವಳೊಬ್ಬಳು ಎದುರು ನಿಂತು
ಚೀಲದ ಬಾಯಿ ಅಗಲಿಸಿದಳು.

ಕೈಚೀಲ ಜಾಲಾಡಿದೆವು:
ಕೆಮ್ಮಿನ ಗುಳಿಗೆ, ಸೇಫ್ಟಿ ಪಿನ್ನು,
ಅವಧಿ ಮುಗಿದ ಡ್ಯೂಟಿ ಕಾರ್ಡು,
ನನ್ನ ಉಳಿದ ಅರ್ಧ ಪ್ಯಾಕೆಟ್ಟು ಬಿಸ್ಕೀಟು.
ಅದನ್ನೇ ಹಾಕಿದೆ.
ಹಿರಿಯ ಡಾಕ್ಟರು ರಿಪೋರ್ಟು ನೋಡುವ ಹಾಗೆ
ಚೀಲದೊಳಗೆ ಬಗ್ಗಿ ನೋಡಿದಳು,
ಒಂದು ಗಳಿಗೆ ಯೋಚಿಸಿದಳು,
ಆಮೇಲೆ ತಾನೇ ಒಂದು ಹಿಡಿ ತೆಗೆದು
ನನ್ನ ಅಂಗೈಗೆ ಸುರಿದು ಓಡಿದಳು.

ಶೇಂಗಾ.
ಸಿಪ್ಪೆ ಸಮೇತ, ಉಪ್ಪು ಹಚ್ಚಿ ಹುರಿದದ್ದು.
ಮೂವರೂ ಅದನ್ನು ಮೂರು ಹೆಸರಿಂದ ಕರೆದೆವು.
ಫೋಟೋ ತೆಗೆಯಲು ಯಾರಿಗೂ ನೆನಪಾಗಲಿಲ್ಲ.

ಈಗ ಹಾಸ್ಟೆಲಿನಲ್ಲಿ, ಎರಡು ವಾರ ಕಳೆದ ಮೇಲೂ
ಬ್ಯಾಗಿನ ಹೊಲಿಗೆಯಿಂದ ಕೆಂಪು ಸಿಪ್ಪೆ ಉದುರುತ್ತದೆ.
ನೋಟ್‌ಬುಕ್ಕಿನ ಪ್ರಕಾರ ಹಲ್ವದ ಬಾಬ್ತು
ಜಸಿಂತಾಳಿಗೆ ನಾನಿನ್ನೂ ಕೊಡಬೇಕು
ಒಂದು ದಿನಾರ್ ನಾನೂರು ಫಿಲ್ಸ್.
ಅವಳು ಕೇಳುವುದಿಲ್ಲ.
ಇಲ್ಲಿ ರಿಯಾಲು ಮಾತ್ರ ನಡೆಯುತ್ತದೆ ಎಂದು
ನಾನೂ ಕೊಡುವುದಿಲ್ಲ.