ಎರಡು ಪೀಪಾಯಿ

ಅರಸೀಕೆರೆ ಕೋರ್ಟಿನೆದುರು, ಹೊಂಗೆ ಮರದ ಬುಡದಲ್ಲಿ
ನನ್ನ ಮೇಜು. ಕುಂಟುಕಾಲಿಗೊಂದು ಇಟ್ಟಿಗೆ, ಮೇಲೆ ಟೈಪ್‌ರೈಟರು.
ಪುಟಕ್ಕೆ ಮೂವತ್ತು, ಇಂಗ್ಲಿಷಾದರೆ ನಲವತ್ತು.
ಕ್ರಯಪತ್ರ, ಪ್ರಮಾಣಪತ್ರ, ದಾಯಾದಿಗಳ ತಕರಾರು:
ಇಪ್ಪತ್ತೆರಡು ವರ್ಷದಿಂದ ಪರರ ಮಾತು
ನನ್ನ ಬೆರಳಲ್ಲಿ.

ಆ ಕಾರ್ತಿಕದಲ್ಲಿ ಬಂದ, ಕೊಲರಾಡೊ ಅನ್ನೋ ರಾಜ್ಯದಿಂದ,
ಕಾನೂನು ಓದುವ ಹುಡುಗ, ರಸೆಲ್.
ಕೆರೆ ನೀರಿನ ಕಟ್ಟಳೆ ಬೇಕಂತೆ, ಬರೆದಿಟ್ಟದ್ದು.
ವಕೀಲರು ನನ್ನತ್ತ ಕೈ ತೋರಿಸಿದರು:
"ಮೇಡಂ ಬರ್ತಾರೆ, ದಿನಕ್ಕೆ ಐನೂರು ಕೊಡಿ."

ಬಾಣಾವರ ದಾಟಿ ಹನ್ನೊಂದು ಕಿಲೋಮೀಟರು, ನಡುವೆ ಒಂದು ಪಂಕ್ಚರ್.
ಏರಿಯ ಮೇಲೆ ತೂಬಿನ ಕಲ್ಲಿಗೊರಗಿ ಕೂತಿದ್ದರು
ನೀರುಗಂಟಿ ದ್ಯಾವೀರಯ್ಯ, ದವಡೆಯಲ್ಲಿ ಹೊಗೆಸೊಪ್ಪು.
"ಏನಂದ್ರಿ ಹೆಸ್ರು? ರಸೂಲ್ಲಾ? ಕೂತ್ಕಳಪ್ಪ ರಸೂಲು."
ನಾನು ತಿದ್ದಲಿಲ್ಲ.

ಪುಸ್ತಕ ಗಿಸ್ತಕ ಇರಲಿಲ್ಲ.
ಕಡೇ ಗದ್ದೆಗೆ ಮೊದಲು, ತೂಬಿನ ಮಗ್ಗುಲಿಗೆ ಆಮೇಲೆ.
ಕಂಬದ ನೆರಳು ಈ ಗೀಟು ಮುಟ್ಟೋವರೆಗೆ ಗೌಡರ ಸರದಿ,
ಆ ಗೀಟಿನವರೆಗೆ ಮಠದ್ದು, ಮೋಡ ಕವಿದರೆ
ದ್ಯಾವೀರಯ್ಯ ಹೇಳಿದಷ್ಟು.
ರಸೆಲ್ ಬರೆಯುತ್ತಿದ್ದವನು ನಿಂತ: ಕಡೆಯವನಿಗೆ ಯಾಕೆ ಮೊದಲು?
"ತಲೆಗದ್ದೆಗೆ ಬಿಟ್ರೆ, ಕಡೆಯವ್ನಿಗೆ ಹೋಗೋದು
ನೀರಲ್ಲ, ನೀರಿನ ಸುದ್ದಿ."

ಹುಡುಗನೂ ತನ್ನ ಸೀಮೆಯದ್ದು ಹೇಳಿದ.
ಹೊಳೆಗೆ ಮೊದಲು ಕಾಲುವೆ ಕಡಿದವನೇ ಮೊದಲ ಹಕ್ಕುದಾರ,
ನೀರು ಸಾಲದಾದರೆ ಹಿಂದೆ ಬಂದವನು ಬಾಗಿಲು ಮುಚ್ಚಬೇಕು.
ಸೂರಿನಿಂದ ಸುರಿಯೋ ಮಳೆಯೂ
ಕೆಳಗೆ ಯಾರಿಗೋ ಸೇರಬೇಕಾದ್ದು.
ಅವನಜ್ಜಿ ಟೊಮೇಟೊ ಗಿಡಕ್ಕೆಂದು ಕದ್ದು ಪೀಪಾಯಿ ಇಟ್ಟಿದ್ದಳಂತೆ,
ಮೇಲೆ ಹಳೇ ಮೇಜುಬಟ್ಟೆ ಹೊದಿಸಿ, ಹೂಕುಂಡ ಕೂರಿಸಿ.
ಎರಡು ಸಾವಿರದ ಹದಿನಾರರಲ್ಲಿ ಕಾನೂನು ಸಡಿಲಾಯಿತು:
ಮನೆಗೆ ಎರಡು ಪೀಪಾಯಿ.
ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು.

ದ್ಯಾವೀರಯ್ಯ ನಕ್ಕರು, ನಗು ಕೆಮ್ಮಾಗುವ ತನಕ ನಕ್ಕರು.
"ಮಳೆಗೂ ಪಾಣಿ ಐತಾ! ಮೋಡಕ್ಕೆ ಸರ್ವೇ ನಂಬ್ರು?"
ಆಮೇಲೆ ಹೊಗೆಸೊಪ್ಪು ಉಗಿದು, ಮೆಲ್ಲಗೆ:
"ಮೊದ್ಲು ಬಂದೋರು ಅಂದ್ಯಲ್ಲ, ಯಾರ್ಗಿಂತ ಮೊದ್ಲು?
ಅವ್ರು ಬರೋಕೆ ಮುಂಚೆ ಹೊಳೆ ತಾವ ಯಾರೂ ಇರ್ಲಿಲ್ವಾ?"

ಪ್ರಶ್ನೆಯನ್ನು ಮೆತ್ತಗೆ ಮಾಡುವುದು ನನಗೆ ಗೊತ್ತು,
ಕೋರ್ಟು ಕಲಿಸಿದ ವಿದ್ಯೆ.
ಇದ್ದ ಹಾಗೇ ದಾಟಿಸಿದೆ.
ರಸೆಲ್ ಎರಡು ಹೆಸರು ಹೇಳಿದ: ಯೂಟ್, ಅರಪಾಹೊ.
"ಈಗ ಎಲ್ಲವ್ರೆ?"
ಅವನ ಕೈ ಸುಮ್ಮನೆ ಎತ್ತಲೋ ಚಾಚಿತು.
ಆ ಕಡೆ ಇದ್ದದ್ದು ಕಲ್ಲೇಶಪ್ಪನ ರಾಗಿ ಹೊಲ.

"ಈ ಕೈ ತೂಬೆತ್ತಿದ್ರೆ ಊರು ಉಣ್ತಿತ್ತು ಕಣಪ್ಪ ರಸೂಲು.
ನಮ್ಮವ್ವ ಮೇಗಲ ಕೇರಿ ಬಾವಿ ತಾವ
ಬರೀ ಕೊಡ ಇಟ್ಕಂಡು ನಿಂತಿರೋಳು,
ಯಾರಾರ ಸೇದಿ ಹುಯ್ಲಿ ಅಂತ.
ಹಂಗೆ ನಿಲ್ಸಬಾರ್ದು ಅಂತ ಸರ್ಕಾರ ಬರ್ದಿತ್ತಂತೆ.
ಆ ಕಾಗ್ದ ನಮ್ಮೂರಿಗೆ ಬರಾಕೆ
ಬಸ್ಸಿರ್ಲಿಲ್ಲ."

ಇದನ್ನೂ ಇಂಗ್ಲಿಷಿಗೆ ತಂದೆ.
ನನ್ನಜ್ಜಿ ಮನೆಯ ಹಿತ್ತಲು ಬಾವಿ,
ಕಟ್ಟೆಯಿಂದ ಮಾರು ದೂರದಲ್ಲಿ ನೆಟ್ಟಿದ್ದ ಒಂದು ಕಲ್ಲು,
ಅದಕ್ಕಿಂತ ಈಚೆ ಬಾರದ ಕಾಲುಗಳು
ನೆನಪಾದವು. ಅದನ್ನು ಮಾತ್ರ
ಯಾವ ಭಾಷೆಗೂ ತರಲಿಲ್ಲ.

ಒಂಬತ್ತು ಪುಟ ಟೈಪಾಯಿತು. ದುಡ್ಡೆಣಿಸಿಕೊಂಡೆ.
'ಮೊದಲು' ಎಂದು ಬರುವಲ್ಲೆಲ್ಲ ಇಂಗ್ಲಿಷಿನ ಎಫ್ ಕೀಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು.
ಅದು ಹಳೇ ರೋಗ, ಎಣ್ಣೆ ಬಿಟ್ಟರೆ ಸರಿಹೋಗುತ್ತೆ.

ಜೂನಿನಲ್ಲಿ ಮೊದಲ ಮಳೆ ಹುಯ್ದ ರಾತ್ರಿ
ಸೂರಿನಡಿ ಎರಡು ಬಕೆಟ್ಟಿಟ್ಟೆ.
ಮೂರನೆಯದು ಕೈಯಲ್ಲಿತ್ತು,
ತುಂಬಾ ಹೊತ್ತು.